ನೀರಿಗಂಜುವ ಗಡಿಯಾರ

1961ರಲ್ಲಿ ಎಚ್.ಎಂ.ಟಿ.ಯವರು ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ಸ್ಥಾಪಿಸಿದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ವಲ್ಕೇನ್ ಕಂಪೆನಿಯವರು, ಸಮುದ್ರದಲ್ಲಿ ಮುಳುಗುವವರಿಗೆ ಮೇಲೇಳುವ ವೇಳೆಯನ್ನು ನೀರಿನೊಳಗೇ ಕೂಗಿ ತಿಳಿಸುವ ‘ಕ್ರಿಕೆಟ್ ನಾಟಿಕಲ್’ ಎಂಬ ಅಲಾರಂ ಗಡಿಯಾರವನ್ನು ಹೊರತಂದರು. ಕ್ರಿಕೆಟ್ಟೆಂದರೆ ಇಲ್ಲಿ ಚೆಂಡಾಟವಲ್ಲ, ಜೀರುಂಡೆ. ಪುಟ್ಟ ಸುತ್ತಿಗೆಯೊಂದು ತೆಳುವಾದ ತಗಡನ್ನು ಬಡಿದು ಆ ದನಿಯನ್ನು ಹೊರಡಿಸುವುದು.

ಕೊಣನೂರಿನ ವೃದ್ಧ ಗೃಹಸ್ಥರೊಬ್ಬರು ತಮ್ಮ ಸಂಗ್ರಹದಲ್ಲಿ ಇಂಥದೊಂದನ್ನು ನಿತ್ಯವೂ ಕೀ ಕೊಟ್ಟು ಕಾಪಾಡುತ್ತಿರುವರು. ಕಾವೇರಿಗೆ ಸ್ನಾನಕ್ಕಿಳಿಯುವಾಗ ಮಾತ್ರ ಬಿಚ್ಚಿ ಮೆಟ್ಟಿಲ ಮೇಲಿಡುವರು. ನೀರು ತಡೆಯುವ ರಬ್ಬರು ಉಂಗುರ ಶಿಥಿಲವಾಗಿದೆ. ಹೊಸದನ್ನು ಹಾಕಿಸಬಾರದೇ ಎಂದರೆ, “ಒಂದೊಂದನ್ನೇ ಬದಲಿಸಿದರೆ ಉಳಿಯುವುದು ಯಾವ ಗಡಿಯಾರ?” ಎನ್ನುವರು. ರಬ್ಬರಿಗೆ ಇಷ್ಟು ತರ್ಕ ಸಲ್ಲದು.

ಹೊಳೆ ಏರುತ್ತಿದ್ದ ಆಷಾಢದ ಒಂದು ಬೆಳಗ್ಗೆ, ಅವರು ನೀರಿನಲ್ಲಿದ್ದಾಗಲೇ ಅದು ದಡದಲ್ಲಿ ಕೂಗಿತು. ಅವರಿಗೆ ಕೇಳಿಸಲಿಲ್ಲ. ಮೊಮ್ಮಗಳು ಅದನ್ನೆತ್ತಿ ಹಿಡಿದು, “ತಾತ, ಸಾಕು, ಮೇಲೆ ಬನ್ನಿ” ಎಂದು ಕೂಗಿದಳು.