ಎದ್ದಿದ್ದೀಯಾ?

ಬೆಳಗಿನ ಜಾವ ನಾಲ್ಕು ಗಂಟೆಗೆ ಅಪ್ಪನ ಫೋನ್ ಬಂತು ಅಂದ್ರೆ ಪಿಕಪ್ ಎಲ್ಲೋ ನಿಂತಿದೆ ಅಂತಲೇ ಅರ್ಥ. ಫೋನ್ ಎತ್ತಿದ ತಕ್ಷಣ "ಎದ್ದಿದ್ದೀಯಾ?" ಅಂತಾರೆ, ನಾನು ಆ ಹೊತ್ತಿಗೆ ಎದ್ದು ಸ್ನಾನ ಮುಗಿಸಿ ಕೂತಿರ್ತೀನೇನೋ ಅನ್ನೋ ಹಾಗೆ. ನೂರು ಕಿಲೋಮೀಟರ್ ದೂರದಲ್ಲಿ, ಬೆಂಗಳೂರಿನ ಪಿಜಿಯಲ್ಲಿ ಮಲಗಿರೋ ನನ್ನಿಂದ ಏನೂ ಆಗಲ್ಲ ಅಂತ ಅವರಿಗೂ ಗೊತ್ತು. ಮೆಕ್ಯಾನಿಕ್ ಭಾಯ್ ಫೋನ್ ತೆಗೆಯೋದು ಆರರ ಮೇಲೆ. ಅಲ್ಲಿವರೆಗೆ ಮಾತಾಡೋಕೆ ಒಂದು ಜೀವ ಬೇಕು, ಅಷ್ಟೆ.

ನಮ್ಮೂರು ಮುಳಬಾಗಿಲು ತಾಲ್ಲೂಕಿನಲ್ಲಿದೆ. ಒಂದೂವರೆ ಎಕರೆ ಟೊಮ್ಯಾಟೊ, ಉಳಿದಿದ್ದು ರಾಗಿ, ಹಸುಗಳಿಗೆ ಒಂದಿಷ್ಟು ಮೇವು. ಬೆಳೆದ ಟೊಮ್ಯಾಟೊ ಹೋಗೋದು ಕೋಲಾರದ ಎಪಿಎಂಸಿಗೆ. ಗಾಡಿ 2011ರ ಮಾಡೆಲ್. ನಾನು ಹೈಸ್ಕೂಲಿನಲ್ಲಿದ್ದಾಗ ಬಂದಿದ್ದು. ನನ್ನ ಕಾಲೇಜು ಫೀಸಿನ ಅರ್ಧ ಅದರ ಬಾಡಿಗೆಯಲ್ಲೇ ಕಟ್ಟಿದ್ದು. ನಮ್ಮ ಬಾಕ್ಸುಗಳ ಜೊತೆ ಅಕ್ಕಪಕ್ಕದ ತೋಟದವರ ಬಾಕ್ಸುಗಳನ್ನೂ ಅಪ್ಪ ಹತ್ತಿಸ್ಕೊಂಡು ಹೋಗ್ತಿದ್ರು. 15 ಕೆಜಿಯ ಒಂದು ಬಾಕ್ಸಿಗೆ 20 ರೂಪಾಯಿ ಬಾಡಿಗೆ. ಲೋಡ್ ತುಂಬಿದ್ರೆ, ಡೀಸೆಲ್ ಕಳೆದು ಟ್ರಿಪ್ಪಿಗೆ ಸಾವಿರದ ಆಸುಪಾಸು ಕೈಗೆ ಉಳಿಯುತ್ತೆ.

ಕಳೆದ ಜೂನ್ ಕೊನೆಯಲ್ಲಿ ಬಂದ ಫೋನ್ ಸ್ವಲ್ಪ ಬೇರೆ ಥರ ಇತ್ತು. 82 ಬಾಕ್ಸ್ ಲೋಡ್, ಅದರಲ್ಲಿ ನಮ್ಮದು 30 ಮಾತ್ರ. ಡೀಸೆಲ್ ಲೈನು ಏರ್ ತಗೊಂಡು ಹೈವೇ ಪಕ್ಕದಲ್ಲಿ ಇಂಜಿನ್ ನಿಂತುಬಿಟ್ಟಿದೆ. ಅಪ್ಪ ಪೈಪ್ ಬಿಚ್ಚಿ, ಕೈಪಂಪು ಒತ್ತಿ ಒತ್ತಿ ಏರ್ ತೆಗೀತಾರೆ, ಅರ್ಧ ಕಿಲೋಮೀಟರ್ ಹೋಗುತ್ತೆ, ಮತ್ತೆ ನಿಲ್ಲುತ್ತೆ. ಫೋನಿನಲ್ಲಿ ಲಾರಿಗಳು ಹಾದು ಹೋಗೋ ಸದ್ದು. "ಮಳೆ ಹನೀತಿದೆ, ಟಾರ್ಪಾಲು ಹಾಕಿದೀನಿ" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಏನೂ ಮಾತಾಡಲಿಲ್ಲ. ಮಂಡಿ ಸೇರಿದಾಗ ಹನ್ನೊಂದು ಗಂಟೆ. ಬೆಳಗಿನ ಹರಾಜಿನಲ್ಲಿ 320ಕ್ಕೆ ಹೋಗಿದ್ದ ಮಾಲು ಆ ಹೊತ್ತಿಗೆ 210.

ಸೆಪ್ಟೆಂಬರ್ 22ರಿಂದ ಗೂಡ್ಸ್ ಗಾಡಿಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳೀತು. ಒಂಬತ್ತು ಲಕ್ಷದ ಗಾಡಿ ಅಂದ್ರೆ ಎಪ್ಪತ್ತು ಸಾವಿರ ಕಡಿಮೆ. ಇದೇ ಸಮಯ ಅಂತ ನಾನು ಲ್ಯಾಪ್‌ಟಾಪ್ ತೆಗೆದು ಕೂತೆ. ನಮ್ಮ ಪೀಳಿಗೆಗೆ ಕಷ್ಟ ಬಂದ್ರೆ ದೇವರ ಬದಲು ಎಕ್ಸೆಲ್ ನೆನಪಾಗುತ್ತೆ.

ಭಾಯ್‌ಗೆ ಗೂಗಲ್ ಪೇ ಮಾಡಿದ್ದೆಲ್ಲ ನನ್ನ ಫೋನಿನಿಂದಲೇ, ಹಾಗಾಗಿ ಲೆಕ್ಕ ಸುಲಭ. ಕ್ಲಚ್ ಪ್ಲೇಟು 14,000. ಡೀಸೆಲ್ ಪಂಪು 22,000. ರೇಡಿಯೇಟರ್, ಸೆಲ್ಫ್, ಬ್ಯಾಟರಿ, ಹಿಂದಿನ ಪಟ್ಟಾ, ಎರಡು ಟೈರು. ಹನ್ನೆರಡು ತಿಂಗಳಿಗೆ 78,000, ಅಂದ್ರೆ ತಿಂಗಳಿಗೆ 6,500. ಹೊಸ ಗಾಡಿಗೆ ಎಂಟು ಲಕ್ಷ ಸಾಲ, ಹತ್ತೂವರೆ ಪರ್ಸೆಂಟ್ ಬಡ್ಡಿ, ಐದು ವರ್ಷ ಅಂತ ಹಾಕಿದ್ರೆ ಕಂತು 17,200. ಇನ್ಶೂರೆನ್ಸ್ ಬೇರೆ. ಅದಕ್ಕಿಂತ ಖುಷಿಯ ವಿಷಯ, ಕೊನೆಯ ಮೂರು ತಿಂಗಳಲ್ಲಿ ರಿಪೇರಿಗೆ ಆಗಿದ್ದು ಬರೀ 1,900. ಅಪ್ಪನಿಗೆ ಫೋನ್ ಮಾಡಿ, "ಗಾಡಿ ಈಗ ಸೆಟ್ ಆಗಿದೆ ಬಿಡಪ್ಪ, ಇನ್ನೆರಡು ವರ್ಷ ಓಡಿಸಬಹುದು" ಅಂದೆ. "ಹೂಂ" ಅಂದ್ರು.

ಆ "ಹೂಂ" ನನಗೆ ಆಗ ಅರ್ಥ ಆಗಲಿಲ್ಲ.

ಆಯುಧಪೂಜೆಗೆ ಊರಿಗೆ ಹೋದೆ. ಗಾಡಿ ತೊಳೆದು, ಚೆಂಡುಹೂವು ಕಟ್ಟಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಾಗಿತ್ತು. ಅರಿಶಿಣ ಕುಂಕುಮ ಎಲ್ಲಿಟ್ರು ಅಂತ ಡ್ಯಾಶ್‌ಬೋರ್ಡ್ ತಡಕಾಡ್ತಿದ್ದಾಗ ಅಪ್ಪನ ನೋಟ್‌ಬುಕ್ಕು ಸಿಕ್ತು. ಪ್ರತಿ ಟ್ರಿಪ್ಪಿನ ತಾರೀಕು, ಯಾರ ಬಾಕ್ಸ್ ಎಷ್ಟು, ಡೀಸೆಲ್ ಎಷ್ಟು ಅಂತ ಅವರು ಬರೆದಿಡೋ ಪುಸ್ತಕ. ಜೂನ್‌ನಲ್ಲಿ 21 ಟ್ರಿಪ್. ಜುಲೈನಲ್ಲಿ 6. ಆಗಸ್ಟ್ ಪುಟದಲ್ಲಿ ಬೂಸಾ, ಗೊಬ್ಬರ ತಂದ ಲೆಕ್ಕ ಬಿಟ್ರೆ ಏನೂ ಇಲ್ಲ. ಸೆಪ್ಟೆಂಬರ್‌ನಲ್ಲೂ ಹಾಗೇ.

ರಿಪೇರಿ ಕಡಿಮೆಯಾಗಿದ್ದು ಗಾಡಿ ಸೆಟ್ ಆಗಿದ್ದಕ್ಕಲ್ಲ, ಅದನ್ನ ರಸ್ತೆಗೇ ಇಳಿಸದೆ ಇದ್ದಿದ್ದಕ್ಕೆ.

ಅಮ್ಮನನ್ನ ಕೇಳಿದೆ. "ಆ ಮಳೆ ರಾತ್ರಿ ಆದ್ಮೇಲೆ ಬೇರೆಯವ್ರ ಬಾಕ್ಸು ಹತ್ತಿಸ್ಕೊಳ್ತಿಲ್ಲ ಕಣೋ. ನಮ್ದನ್ನೂ ಬೇರೆ ಗಾಡೀಲೇ ಕಳಿಸ್ತಾರೆ" ಅಂದಳು. ಜೂನ್ ಪುಟದ ಕೆಳಗಡೆ ಇನ್ನೊಂದು ಸಾಲಿತ್ತು: "ಲೇಟ್ – 5,720". 52 ಬಾಕ್ಸಿಗೆ ತಲಾ 110. ಹರಾಜಿನಲ್ಲಿ ಕಳ್ಕೊಂಡ ವ್ಯತ್ಯಾಸವನ್ನ ಅಪ್ಪ ಪಕ್ಕದ ತೋಟದವರಿಗೆಲ್ಲ ಕೈಯಿಂದ ಕೊಟ್ಟಿದ್ರು. ಅವರ್ಯಾರೂ ಕೇಳಿರಲಿಲ್ಲವಂತೆ.

ನಾನು ಕೆಲಸ ಮಾಡೋ ಕಂಪನಿಯಲ್ಲಿ ಸರ್ವರ್‌ಗಳಿಗೆ 99.9 ಪರ್ಸೆಂಟ್ ಅಪ್‌ಟೈಮ್ ಅಂತ ಮಾತು ಕೊಟ್ಟಿರ್ತೀವಿ. ತಿಂಗಳಿಗೆ 43 ನಿಮಿಷಕ್ಕಿಂತ ಜಾಸ್ತಿ ನಿಂತ್ರೆ ನಾಲ್ಕು ಮೀಟಿಂಗು. ನಿಂತಾಗ ಎಷ್ಟು ನಷ್ಟ ಅಂತ ಲೆಕ್ಕ ಹಾಕೋದೇ ನನ್ನ ಸಂಬಳದ ಕೆಲಸ. ಮನೆ ಗಾಡಿಗೆ ಬಂದಾಗ ಮಾತ್ರ ಭಾಯ್ ಬಿಲ್ಲೊಂದನ್ನೇ ಖರ್ಚು ಅಂದ್ಕೊಂಡಿದ್ದೆ. ಬಿಟ್ಟ ಟ್ರಿಪ್ಪುಗಳನ್ನ ಎಣಿಸಿದ್ರೆ ಮೂರು ತಿಂಗಳಲ್ಲಿ ಐವತ್ತು ಸಾವಿರದ ಹತ್ತಿರ. ಹೆಚ್ಚುಕಮ್ಮಿ ಹೊಸ ಗಾಡಿಯ ಕಂತಿನಷ್ಟೇ. ಹಾಗಂತ ಅದನ್ನ ವರ್ಷಪೂರ್ತಿಗೆ ಗುಣಿಸೋಕೂ ಆಗಲ್ಲ. ಸೀಸನ್ ಮುಗಿದ್ರೆ ಗಾಡಿ ವಾರಕ್ಕೆರಡು ಸಲ ಆಚೆ ಹೋದ್ರೆ ಹೆಚ್ಚು. ಟೊಮ್ಯಾಟೊ ರೇಟನ್ನಂತೂ ನಂಬೋ ಹಾಗೇ ಇಲ್ಲ. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸು ಎರಡು ಸಾವಿರ ದಾಟಿದಾಗ ನಮ್ಮೂರಲ್ಲೂ ಹೊಸ ಗಾಡಿ ಬುಕ್ ಮಾಡಿದವರಿದ್ರು. ಅದರಲ್ಲಿ ಒಂದನ್ನ ಮುಂದಿನ ವರ್ಷ ಫೈನಾನ್ಸ್‌ನವರು ಎಳ್ಕೊಂಡು ಹೋದ್ರು.

ಮಾರನೇ ದಿನ ಭಾಯ್ ಶೆಡ್ಡಿಗೆ ಹೋಗಿ ಮುಖಕ್ಕೇ ಕೇಳಿದೆ. ಬಾನೆಟ್ ಎತ್ತಿ, ಕಿವಿಗೊಟ್ಟು, ಮುಚ್ಚಿದ್ರು. "ಇಂಜಿನ್ ಇನ್ನೂ ಗಟ್ಟಿ ಐತೆ ಸರ್. ಪಾರ್ಟ್‌ಗೆ ಗ್ಯಾರಂಟಿ ಕೊಡ್ತೀನಿ. ರಾತ್ರಿಗೆ ಹೆಂಗೆ ಕೊಡ್ಲಿ?" ಡಿಸೆಂಬರಿಗೆ ಎಫ್‌ಸಿ ಮುಗೀತಿತ್ತು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಅದಕ್ಕೆ ಟಿಂಕರಿಂಗು, ಪೇಂಟು, ಬ್ರೇಕು ಅಂತ ಇನ್ನೂ 25 ಸಾವಿರ.

ರಾತ್ರಿ ಊಟ ಆದ್ಮೇಲೆ ಅಂಗಳದಲ್ಲಿ ಕೂತಿದ್ದಾಗ ಹೇಳಿದೆ: "ಹೊಸದೇ ತಗೊಳ್ಳೋಣಪ್ಪ. ಕಂತು ನಾನು ಕಟ್ತೀನಿ." ಬಿಎಸ್ 6 ಗಾಡಿ ಕೆಟ್ರೆ ಸ್ಕ್ಯಾನರ್ ಹಾಕ್ಬೇಕು, ಭಾಯ್ ಸ್ಪ್ಯಾನರಿಗೆ ಬಗ್ಗಲ್ಲ ಅಂತ ಏನೋ ಅಡ್ಡ ಹೇಳ್ತಾರೆ ಅಂದ್ಕೊಂಡಿದ್ದೆ. ಅದಕ್ಕೆ ಉತ್ತರವನ್ನೂ ರೆಡಿ ಮಾಡ್ಕೊಂಡಿದ್ದೆ.

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ, "ಈಗ ನಂಗೆ ಅರವತ್ತೊಂದು" ಅಂದ್ರು. "ಐದು ವರ್ಷದ ಸಾಲ ಅಂದ್ರೆ ಅರವತ್ತಾರು. ಅಲ್ಲಿವರೆಗೂ ದಿನಾ ರಾತ್ರಿ ಎರಡಕ್ಕೆ ಎದ್ದು ಲೋಡ್ ಮಾಡ್ಬೇಕು. ಒಂದಿನ ನನ್ ಕೈಲಿ ಆಗಲ್ಲ ಅನ್ನಿಸಿದ್ರೂ ಕಂತು ನಿಲ್ಲಲ್ಲ. ನೀನು ಕಟ್ತೀಯ, ಇಲ್ಲ ಅಂತಿಲ್ಲ. ನಿನ್ ದುಡ್ಡಲ್ಲಿ ತಂದು ಮನೆ ಮುಂದೆ ನಿಲ್ಸಿದ್ರೆ ಅದನ್ನ ನೋಡ್ಕೊಂಡು ನಂಗೆ ನಿದ್ದೆ ಬರಲ್ಲ." ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ರು: "ನೀನೇ ಹೇಳು, ಇನ್ನೆಷ್ಟು ವರ್ಷ ಓಡಿಸ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇಡ, ನಿಲ್ಲಿಸಿಬಿಡು ಅನ್ನಬಹುದಿತ್ತು. ಆದ್ರೆ ಆಗಸ್ಟ್ ಸೆಪ್ಟೆಂಬರ್ ಎರಡೂ ತಿಂಗಳು ಗಾಡಿ ಹತ್ತದೆ ಮನೇಲಿ ಕೂತಾಗ ಅವರು ಹೇಗಿದ್ರು ಅಂತ ಅಮ್ಮ ಆಗಲೇ ಹೇಳಿದ್ದಳು. ಸಂಜೆ ಊರೊಳಗೂ ಹೋಗ್ತಿರಲಿಲ್ಲವಂತೆ. ಬಾಕ್ಸ್ ಹತ್ತಿಸ್ಕೊಳ್ತೀಯಾ ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳೋದು ಅಂತ.

"ಮೂರು ವರ್ಷ?" ಅಂದೆ.

"ಎರಡು" ಅಂದ್ರು. ಗಾಡಿ ವಿಷಯ ತೀರ್ಮಾನ ಆಗಿದ್ದು ಹೀಗೆ. ಆಮೇಲಿನದ್ದೆಲ್ಲ ಬೇಗ ಬೇಗ ಆಯ್ತು. ಹೊಸದು ಬೇಡ. 2021ರ ಮಾಡೆಲ್, ಒಬ್ಬರೇ ಓನರ್, 5 ಲಕ್ಷ 60 ಸಾವಿರ. ಹಳೇದನ್ನ ಎಫ್‌ಸಿ ಇರುವಾಗಲೇ ಇಟ್ಟಿಗೆ ಹೊಡೆಯೋರೊಬ್ಬರಿಗೆ ಎರಡು ಲಕ್ಷಕ್ಕೆ ಕೊಟ್ವಿ. ಅಪ್ಪನ ಉಳಿತಾಯ ಒಂದು ಲಕ್ಷ. ಉಳಿದ 2 ಲಕ್ಷ 60 ಸಾವಿರಕ್ಕೆ ಎರಡು ವರ್ಷದ ಸಾಲ, ಕಂತು 12,400. ಸೀಸನ್ ಇರೋ ತಿಂಗಳು ಅಪ್ಪ ಕಟ್ಟೋದು, ಇಲ್ಲದ ತಿಂಗಳು ನಾನು. ಇದು ಅವರೇ ಮಾಡಿದ ಕರಾರು. ಯಾವ ತಿಂಗಳು ಸೀಸನ್ನು ಅಂತ ತೀರ್ಮಾನ ಮಾಡೋದೂ ಅವರೇ ಅಂತೆ.

ಗಾಡಿ ತಂದ ದಿನ ಕುರುಡುಮಲೆ ಗಣಪತಿಗೆ ಹೋಗಿ ಪೂಜೆ ಮಾಡಿಸಿದ್ವಿ. ವಾಪಸ್ ಬರುವಾಗ ಪಕ್ಕದ ತೋಟದ ಅಣ್ಣ ದಾರಿಗೆ ಅಡ್ಡ ನಿಂತು, "ನಾಳೆ ನಲವತ್ತು ಬಾಕ್ಸ್ ಐತೆ ಅಣ್ಣಾ" ಅಂದ್ರು. ಅಪ್ಪ ನನ್ನ ಮುಖ ನೋಡಲಿಲ್ಲ. "ಎರಡಕ್ಕೆ ರೆಡಿ ಇಟ್ಕೋ" ಅಂದ್ರು.

ನಾನು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದೆ. ನಾಲ್ಕು ಗಂಟೆಗೆ ಫೋನ್ ಹೊಡ್ಕೊಳ್ತು. ಎದೆ ಧಸಕ್ ಅಂತು.

"ಎದ್ದಿದ್ದೀಯಾ?"

"ಎದ್ದಿದೀನಪ್ಪಾ. ಎಲ್ಲಿ ನಿಂತಿದೆ?"

"ನಿಂತಿಲ್ಲಪ್ಪ, ಮಂಡಿಗೆ ಬಂದಾಯ್ತು. ಇದ್ರಲ್ಲಿ ರೇಡಿಯೋ ಆನ್ ಮಾಡೋದು ಹೆಂಗೆ?"