ಎತ್ತಿದ ಕೈ, ಕೊಟ್ಟ ಕೈ

ನುಡಿಗಟ್ಟು ಎಂಬ ಹೆಸರು ಮಕ್ಕಳ ಕಿವಿಗೆ ಬೀಳುವುದು ಸಾಮಾನ್ಯವಾಗಿ ನಾಲ್ಕನೆಯ, ಐದನೆಯ ತರಗತಿಯ ಹೊತ್ತಿಗೆ. ನುಡಿಗಟ್ಟುಗಳು ಮಾತ್ರ ಅದಕ್ಕೆ ಬಹಳ ಮೊದಲೇ ಬಿದ್ದಿರುತ್ತವೆ. ‘ತಲೆ ತಿನ್ನಬೇಡ’ ಎಂದು ಅಮ್ಮನಿಂದ ಬೈಸಿಕೊಳ್ಳದೆ ಶಾಲೆ ಸೇರಿದ ಕನ್ನಡದ ಮಗು ಸಿಗುವುದು ಕಷ್ಟ. ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ ಇಲ್ಲಿ ಅರ್ಧ ಕೆಲಸ ಮನೆಯಲ್ಲೇ ಮುಗಿದಿರುತ್ತದೆ. ಉಳಿದರ್ಧದಲ್ಲಿ ರುಚಿಯೆಲ್ಲ ಇದೆ.

ಆರಂಭಕ್ಕೆ ಬಣ್ಣದ ಪೆನ್ಸಿಲ್ ಹಿಡಿಸುವುದು ಒಳ್ಳೆಯದು. ‘ಕಾಲಿಗೆ ಬುದ್ಧಿ ಹೇಳಿದ’ ಎಂದು ಹಲಗೆಯ ಮೇಲೆ ಬರೆದು ಚಿತ್ರ ಬಿಡಿಸಲು ಹೇಳಿದರೆ, ಬಗ್ಗಿ ಕೂತು ತನ್ನ ಹೆಬ್ಬೆರಳನ್ನೇ ಗದರುವ ಹುಡುಗನೊಬ್ಬ ಹಾಳೆಯ ಮೇಲೆ ಮೂಡುತ್ತಾನೆ. ನಗು ಇಳಿದ ಮೇಲೆ ಒಂದು ಸಣ್ಣ ಕಥೆ ಬೇಕು: ಮಾವಿನ ತೋಪು, ಕೈಯಲ್ಲಿ ಕಲ್ಲು, ಬೇಲಿಯಾಚೆ ಕಾವಲುಗಾರನ ಕೆಮ್ಮು. ಹುಡುಗರು ಆಮೇಲೆ ಏನು ಮಾಡಿದರು ಎಂದು ಕೇಳಿದರೆ ಉತ್ತರ ಹಿಂದಿನ ಬೆಂಚಿನಿಂದಲೂ ಬರುತ್ತದೆ. ಅರ್ಥ ಬರೆಸುವ ಅಗತ್ಯವೇ ಬೀಳುವುದಿಲ್ಲ. ‘ಬೆನ್ನು ತಟ್ಟು’, ‘ಮೂಗು ತೂರಿಸು’ ಇಂಥವು ಕಣ್ಣಿಗೆ ಕಾಣುವ ಕೆಲಸದಿಂದ ಬಂದವು, ಬೇಗ ಹತ್ತುತ್ತವೆ. ‘ಎಳ್ಳುನೀರು ಬಿಡು’ ಎಂಬುದು ಆ ವಿಧಿ ಗೊತ್ತಿಲ್ಲದ ಮಗುವಿಗೆ ಒಗಟು. ಅದು ಒಂದೆರಡು ವರ್ಷ ಕಾಯಬಹುದು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿಕಲಿ ಪದ್ಧತಿಯಲ್ಲಿ ಮಗು ಕಾರ್ಡು ಹಿಡಿದು ತನ್ನ ವೇಗದಲ್ಲಿ ಕಲಿಯುತ್ತದೆ. ಅಕ್ಷರಕ್ಕೆ, ಲೆಕ್ಕಕ್ಕೆ ಅದು ಸೊಗಸು. ನುಡಿಗಟ್ಟಿಗೆ ಗುಂಪು ಬೇಕು. ಒಬ್ಬರೇ ಕೂತು ನಗಲಾಗುವುದಿಲ್ಲ.

ಕಲಿಕೆ ಸೊರಗುವುದು ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂಬ ಪ್ರಶ್ನೆಯ ಬಳಿ. ‘ಕಂಗೆಡು ಎಂಬುದು ಒಂದು ನುಡಿಗಟ್ಟು’ ಎಂದು ಬರೆದು ಅಂಕ ಕೇಳುವ ಜಾಣರು ಪ್ರತಿ ಶಾಲೆಯಲ್ಲೂ ಇದ್ದಾರೆ. ವಾಕ್ಯವೇನೋ ಸ್ವಂತದ್ದೇ, ತಪ್ಪೂ ಇಲ್ಲ! ಸಂದರ್ಭ ಕೊಡದೆ ವಾಕ್ಯ ಕೇಳಿದ್ದು ಪ್ರಶ್ನೆಯ ದೋಷ.

ಇನ್ನೊಂದು ಸಂಗತಿಯನ್ನು ಆಡಿಸಿಯೇ ಕಲಿಸಬೇಕು. ನುಡಿಗಟ್ಟಿನೊಳಗಿನ ಪದವನ್ನು ಅತ್ತಿತ್ತ ಸರಿಸುವಂತಿಲ್ಲ. ಕೈಯೊಂದನ್ನೇ ತೆಗೆದುಕೊಂಡರೆ, ಕೈ ಹಿಡಿದವರು ಕಷ್ಟದಲ್ಲಿ ಆದವರು, ಕೈ ಬಿಟ್ಟವರು ಆಗದವರು, ಕೈ ಚಾಚಿದವರು ಬೇಡುವವರು, ಎತ್ತಿದ ಕೈ ಎನಿಸಿಕೊಂಡವರು ನಿಪುಣರು. ‘ಪರೀಕ್ಷೆಯ ಸಮಯದಲ್ಲಿ ಟೀಚರ್ ನನಗೆ ಕೈ ಕೊಟ್ಟರು’ ಎಂದು ಮಗು ಭಕ್ತಿಯಿಂದ ಬರೆದರೆ ಟೀಚರ್ ಬೆಚ್ಚಿಬೀಳಬೇಕಾಗುತ್ತದೆ.

ಉಪಕಾರ ನೆನೆಯುವ ಮಾತಿನಲ್ಲಿ ಇಂಥ ಎಚ್ಚರ ಇನ್ನೂ ಹೆಚ್ಚು ಬೇಕು. ಅಂಗಡಿಯವರಿಗೆ, ಬಸ್ಸಿನಲ್ಲಿ ಜಾಗ ಕೊಟ್ಟವರಿಗೆ ‘ಥ್ಯಾಂಕ್ಸ್’ ಈಗ ಸಲೀಸಾಗಿದೆ. ‘ಧನ್ಯವಾದ’ ವೇದಿಕೆಯ ಮೇಲೆ ಚೆನ್ನ. ಮನೆಯೊಳಗೆ ಎರಡೂ ಅಷ್ಟಾಗಿ ಒಗ್ಗುವುದಿಲ್ಲ. ತಟ್ಟೆಗೆ ರೊಟ್ಟಿ ಹಾಕಿದ ಅಜ್ಜಿಗೆ ಧನ್ಯವಾದ ಹೇಳಿದರೆ ‘ನಾನೇನು ಹೊರಗಿನವಳಾ?’ ಎಂದು ಅವಳು ಮುನಿಯಬಹುದು. ಅಲ್ಲಿ ‘ಇನ್ನೊಂದು ಹಾಕಜ್ಜಿ’ ಎಂಬುದೇ ದೊಡ್ಡ ಮೆಚ್ಚುಗೆ. ಪ್ರಸಾದವನ್ನು ಬಲಗೈ ಚಾಚಿ ತೆಗೆದುಕೊಳ್ಳುವುದು, ಹುಟ್ಟುಹಬ್ಬದ ದಿನ ಹಿರಿಯರ ಕಾಲಿಗೆ ನಮಸ್ಕರಿಸುವುದು ಕೂಡ ಮಕ್ಕಳು ಮಾತಿಲ್ಲದೆ ಕಲಿತ ಕೃತಜ್ಞತೆಯೇ. ಶಾಲೆ ಇದನ್ನು ಕೊರತೆಯೆಂದು ತಿದ್ದಲು ಹೋಗಬಾರದು.

ಈ ಮಾತುಗಳಿಗೆ ವಯಸ್ಸಿನ ದಿಕ್ಕೂ ಉಂಟು. ‘ನಿನ್ನ ಹೊಟ್ಟೆ ತಣ್ಣಗಿರಲಿ’, ‘ನೂರು ಕಾಲ ಬಾಳು’ ಎಂದು ಹಿರಿಯರು ಕಿರಿಯರನ್ನು ಹರಸುವುದು ಅವರ ಬಗೆಯ ಥ್ಯಾಂಕ್ಸ್. ಮೂರನೆಯ ತರಗತಿಯ ಹುಡುಗಿ ಅದನ್ನೇ ಹೆಡ್ಮಾಷ್ಟರಿಗೆ ಹೇಳಿದರೆ ಸಭೆ ನಕ್ಕೀತು. ಅವಳ ಬಾಯಿಗೆ ‘ತುಂಬಾ ಉಪಕಾರವಾಯಿತು ಸರ್’ ಸಾಕು. ಧಾರವಾಡದ ಕಡೆಯಾದರೆ ‘ಭಾಳ ಉಪಕಾರ ಆತ್ರೀ’. ಆ ‘ರೀ’ ಒಂದರಲ್ಲೇ ಅರ್ಧ ಗೌರವ ಸಂದಾಯವಾಗಿರುತ್ತದೆ.

ಉಪಕಾರ ಮರೆತವರ ಬಗ್ಗೆಯಂತೂ ಕನ್ನಡಕ್ಕೆ ನಾಲಗೆ ಹರಿತ. ಉಪ್ಪು ತಿಂದ ಮನೆಗೆ ಎರಡು ಬಗೆಯುವುದು, ಹತ್ತಿದ ಏಣಿ ಒದೆಯುವುದು, ಉಂಡ ಮನೆಯ ಜಂತೆ ಎಣಿಸುವುದು. ಕೊನೆಯದನ್ನು ಕಲಿಸಲು ಆರ್‌ಸಿಸಿ ಮನೆಯ ಮಕ್ಕಳಿಗೆ ಮೊದಲು ಜಂತೆಯನ್ನೇ ತೋರಿಸಬೇಕು. ಊರಿನಲ್ಲಿ ಹೆಂಚಿನ ಮನೆಯೊಂದು ಉಳಿದಿದ್ದರೆ ತರಗತಿಯನ್ನು ಅಲ್ಲಿಗೇ ಕರೆದೊಯ್ದು, ಅಂಗಾತ ಮಲಗಿಸಿ ಸೂರು ನೋಡಿಸುವುದು ಲೇಸು. ಹೊಟ್ಟೆ ತುಂಬ ಉಂಡು ಅಡ್ಡಾದವನಿಗೆ ಎಣಿಸಲು ಮೇಲೆ ಸಿಗುವುದು ಆ ಮರದ ತುಂಡುಗಳೇ. ಉಪಚರಿಸಿದ ಮನೆಯ ಲೆಕ್ಕ ತೆಗೆಯುವ ಆಸಾಮಿ ಹೇಗಿರುತ್ತಾನೆಂದು ಮಕ್ಕಳಿಗೆ ಬೇರೆ ವಿವರಿಸಬೇಕಿಲ್ಲ.

ಅಭ್ಯಾಸಕ್ಕೆ ಅವಕಾಶ ಶಾಲೆಯ ಅಂಗಳದಲ್ಲೇ ಇದೆ. 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹ ಈಗ ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಬಿಸಿಯೂಟ ಬಡಿಸುತ್ತಿದೆ. ಪತ್ರಲೇಖನದ ಪಾಠದಲ್ಲಿ ಕಾಣದ ‘ಪ್ರೀತಿಯ ಗೆಳೆಯನಿಗೆ’ ಬರೆಸುವ ಬದಲು ಅಡುಗೆ ಕೋಣೆಯ ಅಮ್ಮನಿಗೆ ಬರೆಸಬಹುದು. ‘ನೀವು ಸಾಂಬಾರಿಗೆ ಎತ್ತಿದ ಕೈ’ ಎಂಬ ಸಾಲು ಬಂದರೆ ನುಡಿಗಟ್ಟೂ ಆಯಿತು, ಕೃತಜ್ಞತೆಯೂ ಆಯಿತು. ಚೀಟಿಯನ್ನು ಮಗುವೇ ಓದಿ ಹೇಳಬೇಕು. ಅಕ್ಷರ ಬಾರದ ಅಡುಗೆಯವರೂ ಇರುತ್ತಾರೆ.

ಉಳಿದದ್ದು ವಾರ್ಷಿಕೋತ್ಸವದ ವಂದನಾರ್ಪಣೆ. ದನಿ ಗಟ್ಟಿಯಿರುವ ಮಗುವಿಗೆ ಅದನ್ನು ಬಾಯಿಪಾಠ ಮಾಡಿಸುವುದು ರೂಢಿ. ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂಬಲ್ಲಿ ನಾಲಗೆ ತೊಡರುತ್ತದೆ, ಗಣ್ಯರ ಹೆಸರುಗಳಲ್ಲಿ ಉಸಿರು ಮುಗಿಯುತ್ತದೆ. ಆದರೂ ಶಾಮಿಯಾನ ಹಾಕಿದವರನ್ನೂ ಮೈಕ್‌ಸೆಟ್‌ನವರನ್ನೂ ಸಾರ್ವಜನಿಕವಾಗಿ ನೆನೆಯುವ ಪದ್ಧತಿ ಇರುವುದು ಅಲ್ಲೇ. ಹೇಳುವ ಮಗುವನ್ನು ಹಿಂದಿನ ದಿನ ಕಂಬ ನೆಡುವ ಕಡೆ ಅರ್ಧ ಗಂಟೆ ನಿಲ್ಲಿಸಿದರೆ, ಆ ಎರಡು ಸಾಲನ್ನಾದರೂ ಅದು ಚೀಟಿ ನೋಡದೆ ಹೇಳುತ್ತದೆ.