ಬಾಡಗಂಡಿಯ ಎರೆಮಣ್ಣಿನ ಎತ್ತು

ವಿಜಯಪುರದಿಂದ ಹುಬ್ಬಳ್ಳಿಯತ್ತ ಹೊರಟ ಬಸ್ಸು ಕೊಲ್ಹಾರದ ಸೇತುವೆ ದಾಟಿತೆಂದರೆ ಬೀಳಗಿ ತಾಲ್ಲೂಕು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ನಡುವಿನ ನೆಲದಲ್ಲಿ ಬಾಡಗಂಡಿ. ಸಕ್ಕರೆ ಕಾರ್ಖಾನೆಯಿರುವ ಊರು. ಹಂಗಾಮು ಬಂತೆಂದರೆ ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಆದರೆ ಮಕ್ಕಳ ಕಣ್ಣಿನಿಂದ ಈ ಸೀಮೆಯನ್ನು ನೋಡಬೇಕೆಂದರೆ ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಬರಬೇಕು. ಶಾಲೆ ಆಗಷ್ಟೇ ಶುರುವಾಗಿರುತ್ತದೆ, ಹೊಸ ಪುಸ್ತಕದ ವಾಸನೆ ಇನ್ನೂ ಹೋಗಿರುವುದಿಲ್ಲ, ಕೈತುಂಬ ಎರೆಮಣ್ಣು.

ಎತ್ತು ಮಾಡುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಬಿಸಿಲಿಗಿಟ್ಟರೆ ಸಂಜೆಯೊಳಗೆ ಕೋಡು ಬಿರಿಯುತ್ತದೆ. ತೆಳುವಾದ ಕೋಡು ಬೇಗ ಒಣಗಿ ಕುಗ್ಗುತ್ತದೆ, ದಪ್ಪ ಮೈ ಇನ್ನೂ ಹಸಿಯಾಗಿರುತ್ತದೆ. ಎರಡೂ ಕೂಡಿದ ಕಡೆ ಸೀಳು ಬೀಳುತ್ತದೆ. ಬೇಸಗೆಯಲ್ಲಿ ಎರೆಹೊಲ ಕೈ ಹೋಗುವಷ್ಟು ಬಾಯಿ ಬಿಡುವುದೂ ಈ ಮಣ್ಣು ಕುಗ್ಗುವುದರಿಂದಲೇ. ಎರೆಮಣ್ಣಿನ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ‘ಕಪ್ಪು ಮಣ್ಣು ನೀರನ್ನು ಹಿಡಿದಿಡುತ್ತದೆ’ ಎಂದು ಉರುಹೊಡೆದ ಹುಡುಗನಿಗೆ ಅಂಕ ಸಿಗುತ್ತದೆ, ನಿಜ. ಕೋಡು ಮುರಿದುಕೊಂಡ ಹುಡುಗಿ ಮಾತ್ರ ಮರುದಿನ ಎತ್ತನ್ನು ನೆರಳಿನಲ್ಲಿ ಒಣಗಿಸುತ್ತಾಳೆ. ತೂತು ಕೊರೆದ ಎರಡು ಡಬ್ಬಿಗಳಿಗೆ ಎರೆಮಣ್ಣು, ಮಸಾರಿ ಮಣ್ಣು ಸಮನಾಗಿ ತುಂಬಿ ಒಂದೊಂದು ಲೋಟ ನೀರು ಹೊಯ್ದು, ಯಾವುದು ಬೇಗ ಬಸಿಯುತ್ತದೆಂದು ನೋಡಲು ಪ್ರಯೋಗಶಾಲೆಯೇನೂ ಬೇಡ.

‘ಶಾಲಿಗೆ ಕಳಸೂದು ಮಣ್ಣಾಗ ಆಡಾಕೇನ್ರಿ ಸರ?’ ಎಂದು ಪಾಲಕರು ಕೇಳಿದರೆ ತಪ್ಪಲ್ಲ. ಆಡಿದ್ದೆಲ್ಲ ಕಲಿಕೆಯೂ ಅಲ್ಲ. ಕೋಡು ಏಕೆ ಮುರಿಯಿತೆಂದು ಮಗು ಕೇಳಿ, ಊಹಿಸಿ, ನೋಡಿ, ನಾಲ್ಕು ಸಾಲು ಬರೆಯದಿದ್ದರೆ ಅದು ಬರಿಯ ಹಬ್ಬ.

ಈ ಮಾತನ್ನು ನಮ್ಮ ರಾಜ್ಯವೇ ಒಮ್ಮೆ ಪರೀಕ್ಷಿಸಿ ನೋಡಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಆರಂಭವಾಯಿತು. ಆಂಧ್ರದ ರಿಷಿವ್ಯಾಲಿಯ ಪದ್ಧತಿಯನ್ನು ನೋಡಿಬಂದ ಶಿಕ್ಷಕರೇ ಕಾರ್ಡು, ಹಾಡು, ಆಟಗಳನ್ನು ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆ ಹರಡಿತು. ಹಾಡು-ಕುಣಿತ ಎಲ್ಲರ ಕಣ್ಣಿಗೂ ಬಿತ್ತು. ಗೋಡೆಯ ಮೇಲಿನ ಕಲಿಕೆಯ ಏಣಿಯನ್ನು ಗಮನಿಸಿದವರು ಕಡಿಮೆ. ಪ್ರತಿ ಮಗುವೂ ತನ್ನ ಮೆಟ್ಟಿಲನ್ನು ತಾನೇ ಹತ್ತಬೇಕು. ನಡುವೆ ಶಾಲೆ ತಪ್ಪಿದರೆ ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಶುರು.

ಕಬ್ಬಿನ ಸೀಮೆಗೆ ಇದರ ಬೆಲೆ ಗೊತ್ತು. ಕಬ್ಬು ಕಡಿಯಲು ಗುಳೆ ಹೊರಟ ತಂದೆತಾಯಿಯ ಜೊತೆ ಮಗುವೂ ಹೊರಡುತ್ತದೆ. ತಿಂಗಳುಗಟ್ಟಲೆ ಬಿಟ್ಟು ತಿರುಗಿ ಬಂದಾಗ ಪಾಠ ಹತ್ತಾರು ಪುಟ ಮುಂದೆ ಹೋಗಿರುತ್ತದೆ. ಹಿಂದಿನ ಬೆಂಚಿನಲ್ಲಿ ಬಾಯಿಮುಚ್ಚಿ ಕೂತ ಆ ಮಗುವನ್ನು ‘ದಡ್ಡ’ ಎಂದು ಕರೆಯಲು ಎರಡು ದಿನ ಸಾಕು, ಶಾಲೆ ಬಿಡಲು ಒಂದು ವರ್ಷ ಸಾಕು. ಏಣಿ ಇಂಥ ಮಗುವನ್ನು ಕಾಯುತ್ತದೆ. ಹಾಗೆಂದು ಏಣಿಯೊಂದೇ ಸಾಲದು. ಹರಿದ ಕಾರ್ಡು ಬದಲಾಗದ, ಹಲವು ತರಗತಿಗೆ ಒಬ್ಬರೇ ಶಿಕ್ಷಕರಿರುವ ಕೋಣೆಯಲ್ಲಿ ನಲಿಯೂ ಇಲ್ಲ, ಕಲಿಯೂ ಇಲ್ಲ.

ಅಮಾವಾಸ್ಯೆ ಮುಗಿದ ಮೇಲೆ ಒಣಗಿದ ಮಣ್ಣೆತ್ತನ್ನು ಬಕೆಟ್ಟಿನ ನೀರಿಗೆ ಬಿಟ್ಟರೆ ಗುಳ್ಳೆಯೆಬ್ಬಿಸುತ್ತ ಕರಗತೊಡಗುತ್ತದೆ. ಪಕ್ಕದಲ್ಲೇ ಕುಂಬಾರರ ಮನೆಯ ಹಣತೆಯ ಚೂರೊಂದನ್ನೂ ಬಿಡಬೇಕು. ಅದೂ ಮಣ್ಣೇ, ಆದರೆ ಕರಗುವುದಿಲ್ಲ. ಏಕೆಂಬ ಪ್ರಶ್ನೆ ಮಕ್ಕಳಿಂದ ಬಂದರೆ ಒಂದು ಪಿರಿಯಡ್ಡು ಸಾಲುವುದಿಲ್ಲ.